ಐಎಲ್-38 ನಿವೃತ್ತಿ: ನಮ್ಮ ಕಡಲನ್ನು ಈಗ ಮೇಲಿನಿಂದ ನೋಡುವವರು ಯಾರು?

2023ರ ಡಿಸೆಂಬರ್ 23ರಂದು ಸೌದಿ ಅರೇಬಿಯಾದಿಂದ ಮಂಗಳೂರಿಗೆ ಬರುತ್ತಿದ್ದ 'ಕೆಮ್ ಪ್ಲೂಟೊ' ಎಂಬ ಟ್ಯಾಂಕರ್ ಹಡಗಿನ ಮೇಲೆ ಡ್ರೋನ್ ದಾಳಿ ನಡೆಯಿತು. ಹಡಗು ಆಗ ಪೋರಬಂದರಿನಿಂದ ಸುಮಾರು 400 ಕಿ.ಮೀ. ದೂರದಲ್ಲಿತ್ತು. ಬೆಂಕಿ ಹತ್ತಿಕೊಂಡಿತು, ಆದರೆ ಹಡಗಿನಲ್ಲಿದ್ದ 22 ಜನರೂ ಬದುಕಿಕೊಂಡರು. ಅವರಲ್ಲಿ 21 ಮಂದಿ ಭಾರತೀಯರು. ಸುದ್ದಿ ತಿಳಿದ ಕೂಡಲೇ ನೌಕಾಪಡೆಯ ಪಿ-8ಐ ವಿಮಾನ ಹಡಗಿನ ಮೇಲೆ ಹಾರಿ ಸಿಬ್ಬಂದಿಯ ಜೊತೆ ಮಾತಾಡಿತು.

ಇದಕ್ಕೆ 53 ದಿನ ಮೊದಲು, ಅಕ್ಟೋಬರ್ 31ರಂದು, ಗೋವಾದಲ್ಲಿ ನೌಕಾಪಡೆಯ ಇನ್ನೊಂದು ಗಸ್ತು ವಿಮಾನ ಕೊನೆಯ ಹಾರಾಟ ಮುಗಿಸಿತ್ತು. ಅದು ಐಎಲ್-38. 46 ವರ್ಷ ಅರಬ್ಬಿ ಸಮುದ್ರವನ್ನು ಕಾದ ವಿಮಾನ.

ಗೊಂದಲ ಶುರುವಾದದ್ದು ಇಲ್ಲಿಂದ. ಒಂದು ಕಡೆ ಹಳೆಯ ವಿಮಾನ ಹೋಯಿತು ಎಂಬ ಸುದ್ದಿ. ಇನ್ನೊಂದು ಕಡೆ ಕಡಲಲ್ಲಿ ಡ್ರೋನ್ ದಾಳಿ, ಕಡಲ್ಗಳ್ಳರು, ಹೊತ್ತಿ ಉರಿಯುವ ಹಡಗುಗಳು. ನಡುವೆ ಅಮೆರಿಕದಿಂದ ಇನ್ನಷ್ಟು ವಿಮಾನ ಕೊಳ್ಳುವ ಮಾತು, ಡ್ರೋನ್ ಒಪ್ಪಂದ, ವಡೋದರಾದಲ್ಲಿ ತಯಾರಾಗುವ ಹೊಸ ವಿಮಾನದ ಮಾತು. ಬದಲಿ ವಿಮಾನ ಬಂದಾಗಿದ್ದರೆ ಮತ್ತೆ ಕೊಳ್ಳುವುದು ಯಾಕೆ? ಬಂದಿಲ್ಲದಿದ್ದರೆ ಹಳೆಯದನ್ನು ನಿಲ್ಲಿಸಿದ್ದು ಯಾಕೆ? ಮಲ್ಪೆ, ಮಂಗಳೂರಿನವರಿಗೆ ಇದು ದೂರದ ಪ್ರಶ್ನೆ ಅಲ್ಲ. ನಮ್ಮ ಊರಿನ ಬೋಟುಗಳು ಅದೇ ಕಡಲಲ್ಲಿ ಇರುತ್ತವೆ. ಸ್ವಲ್ಪ ನಿಧಾನವಾಗಿ ಬಿಡಿಸಿ ನೋಡೋಣ.

ಹೋದದ್ದು ಯಾವ ವಿಮಾನ?

ಮೊದಲು ಒಂದು ಸಣ್ಣ ಗೊಂದಲ ಬಗೆಹರಿಯಲಿ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ, ಚಾಪಲ್ ಯುದ್ಧನೌಕೆಯ ಪಕ್ಕ, ಒಂದು ದೈತ್ಯ ವಿಮಾನ ನಿಂತಿದೆ ಅಲ್ವಾ? ಅದು ಐಎಲ್-38 ಅಲ್ಲ, ಟಿಯು-142. ಅದೂ ಸೋವಿಯತ್ ಕಾಲದ ಗಸ್ತು ವಿಮಾನವೇ. 1988ರಲ್ಲಿ ನೌಕಾಪಡೆಗೆ ಬಂತು, 2017ರ ಮಾರ್ಚ್ 29ರಂದು ತಮಿಳುನಾಡಿನ ಅರಕ್ಕೋಣಂನಲ್ಲಿ ನಿವೃತ್ತಿಯಾಯಿತು. ಅಂಥವು ನಮ್ಮಲ್ಲಿ ಎಂಟು ಇದ್ದವು.

ಐಎಲ್-38 ಅದಕ್ಕಿಂತ ಚಿಕ್ಕದು, ಅದಕ್ಕಿಂತ ಹಿರಿಯದು. ಐಎಲ್-18 ಎಂಬ ಪ್ರಯಾಣಿಕ ವಿಮಾನವನ್ನೇ ಬದಲಾಯಿಸಿ ಸೋವಿಯತ್ ಎಂಜಿನಿಯರುಗಳು ಇದನ್ನು ಮಾಡಿದ್ದರು. ರೆಕ್ಕೆಯಲ್ಲಿ ನಾಲ್ಕು ಎಂಜಿನ್, ನಾಲ್ಕಕ್ಕೂ ಪಂಖ. ಸೋವಿಯತ್ ಒಕ್ಕೂಟ ಇದನ್ನು ಹೊರಗೆ ಮಾರಿದ್ದು ಒಂದೇ ದೇಶಕ್ಕೆ, ಭಾರತಕ್ಕೆ.

ಅದು ಬಂದ ಕಾಲವೂ ಮುಖ್ಯ. 1976ರವರೆಗೆ ಕಡಲಿನ ಮೇಲೆ ದೂರ ಹಾರಿ ಗಸ್ತು ತಿರುಗುವ ಹೊಣೆ ವಾಯುಪಡೆಯದಾಗಿತ್ತು. ಏರ್ ಇಂಡಿಯಾ ಬಳಸಿ ಬಿಟ್ಟಿದ್ದ ಸೂಪರ್ ಕಾನ್‌ಸ್ಟಲೇಶನ್ ವಿಮಾನಗಳು ಆ ಕೆಲಸ ಮಾಡುತ್ತಿದ್ದವು. 1976ರಲ್ಲಿ ಹೊಣೆ ನೌಕಾಪಡೆಗೆ ಬಂತು. ಮರುವರ್ಷವೇ ಮೊದಲ ಮೂರು ಐಎಲ್-38 ಗೋವಾದ ದಾಬೋಲಿಂನಲ್ಲಿರುವ ಐಎನ್‌ಎಸ್ ಹಂಸ ನೆಲೆಗೆ ಇಳಿದವು. 1983ರಲ್ಲಿ ಇನ್ನೆರಡು ಸೇರಿ ಒಟ್ಟು ಐದಾದವು.

2002ರ ಅಕ್ಟೋಬರ್ 1ರಂದು, ಐಎಲ್-38 ಹಾರಿಸುತ್ತಿದ್ದ ಸ್ಕ್ವಾಡ್ರನ್ನಿನ (ವಿಮಾನ ದಳದ) ಬೆಳ್ಳಿಹಬ್ಬದ ದಿನವೇ, ಗೋವಾದ ಆಕಾಶದಲ್ಲಿ ಎರಡು ಐಎಲ್-38 ಒಂದಕ್ಕೊಂದು ಡಿಕ್ಕಿಯಾಗಿ ಬಿದ್ದವು. ಅವುಗಳಲ್ಲಿದ್ದ 12 ಮಂದಿ ನೌಕಾ ಸಿಬ್ಬಂದಿ ತೀರಿಕೊಂಡರು. ಆ ನಷ್ಟವನ್ನು ನೆನೆಯದೆ ಈ ವಿಮಾನದ ಕಥೆ ಹೇಳಲಾಗದು. ಆಮೇಲೆ ರಷ್ಯಾದಿಂದ ಎರಡು ಬದಲಿ ವಿಮಾನ ಬಂದವು. ಐದಕ್ಕೂ 'ಸೀ ಡ್ರ್ಯಾಗನ್' ಎಂಬ ಹೊಸ ಉಪಕರಣ ವ್ಯವಸ್ಥೆ ಕೂರಿಸಲಾಯಿತು. ವಿಮಾನದ ಹೆಸರಿಗೆ 'ಎಸ್‌ಡಿ' ಸೇರಿ 'ಐಎಲ್-38 ಎಸ್‌ಡಿ' ಆದದ್ದು ಹಾಗೆ. 2023ರ ಗಣರಾಜ್ಯೋತ್ಸವದಲ್ಲಿ ದಿಲ್ಲಿಯ ಕರ್ತವ್ಯಪಥದ ಮೇಲೆ ಹಾರಿದ್ದು ಅದರ ಮೊದಲ ಮತ್ತು ಕೊನೆಯ ಪರೇಡ್.

ಗಸ್ತು ವಿಮಾನ ಅಷ್ಟೊತ್ತು ಹಾರಿ ಏನು ಮಾಡುತ್ತದೆ?

ಗಸ್ತು ಅಂದರೆ ಸುಮ್ನೆ ಸುತ್ತುವುದಲ್ಲ. ಇದರ ಮುಖ್ಯ ಕೆಲಸ ಎರಡು. ನೀರಿನ ಮೇಲಿರುವ ಹಡಗುಗಳನ್ನು ಗುರುತಿಸುವುದು. ನೀರಿನೊಳಗಿರುವ ಜಲಾಂತರ್ಗಾಮಿಯನ್ನು ಹುಡುಕುವುದು.

ಮೊದಲನೆಯದು ಸುಲಭ ಎಂದು ಕಾಣುತ್ತದೆ. ಅಂತರರಾಷ್ಟ್ರೀಯ ಪ್ರಯಾಣದ ದೊಡ್ಡ ಹಡಗುಗಳಲ್ಲಿ ಎಐಎಸ್ ಎಂಬ ಸಾಧನ ಇರಲೇಬೇಕು. ಹಡಗಿನ ಹೆಸರು, ಇರುವ ಜಾಗ, ಹೋಗುವ ದಿಕ್ಕು ಎಲ್ಲವನ್ನೂ ಅದು ಸಾರುತ್ತಿರುತ್ತದೆ. ಆದರೆ ಕಳ್ಳಸಾಗಣೆ ಮಾಡುವವನು ಅದನ್ನು ಆರಿಸಿಬಿಡುತ್ತಾನೆ. ಕಡಲ್ಗಳ್ಳರ ದೋಣಿಯಲ್ಲಿ ಅದು ಇರುವುದೇ ಇಲ್ಲ. ರಾಡಾರಿನಲ್ಲಿ ಒಂದು ಚುಕ್ಕೆ ಕಂಡು, ಎಐಎಸ್‌ನಲ್ಲಿ ಅದಕ್ಕೆ ಹೆಸರಿಲ್ಲದಿದ್ದರೆ, ಯಾರಾದರೂ ಹೋಗಿ ಕಣ್ಣಾರೆ ನೋಡಬೇಕು. ಹಡಗು ಕಳುಹಿಸಿದರೆ ಒಂದು ದಿನ ಹಿಡಿಯಬಹುದು. ವಿಮಾನ ಒಂದೆರಡು ಗಂಟೆಯಲ್ಲಿ ತಲುಪುತ್ತದೆ.

ಎರಡನೆಯದು ನಿಜಕ್ಕೂ ಕಷ್ಟದ ಕೆಲಸ. ರಾಡಾರ್ ನೀರಿನೊಳಗೆ ನೋಡುವುದಿಲ್ಲ. ಅಲ್ಲಿ ನಡೆಯುವುದು ಶಬ್ದ ಮಾತ್ರ. ಹಾಗಾಗಿ ವಿಮಾನ ಸೋನೋಬಾಯ್ ಎಂಬ ಕೊಳವೆಯಾಕಾರದ ಸಾಧನಗಳನ್ನು ಕಡಲಿಗೆ ಎಸೆಯುತ್ತದೆ. ಅವು ನೀರಿಗೆ ಬಿದ್ದು ಮೈಕನ್ನು ಕೆಳಗೆ ಇಳಿಬಿಡುತ್ತವೆ, ಕೇಳಿದ್ದನ್ನು ರೇಡಿಯೋ ಮೂಲಕ ವಿಮಾನಕ್ಕೆ ಕಳುಹಿಸುತ್ತವೆ. ಕೆಲವು ಸುಮ್ಮನೆ ಆಲಿಸುತ್ತವೆ. ಕೆಲವು ತಾವೇ ಶಬ್ದ ಬಿಟ್ಟು ಪ್ರತಿಧ್ವನಿ ಹಿಡಿಯುತ್ತವೆ. ಮಲ್ಪೆಯ ಬೋಟುಗಳಲ್ಲಿರುವ ಫಿಶ್ ಫೈಂಡರ್ ಮೀನಿನ ಗುಂಪನ್ನು ಕಂಡುಹಿಡಿಯುವುದೂ ಇದೇ ರೀತಿಯಲ್ಲಿ. ಒಂದು ಸೋನೋಬಾಯ್ ಸಾಲದು. ಸಾಲುಸಾಲಾಗಿ ಹಾಕಬೇಕು. ಒಮ್ಮೆ ಎಸೆದದ್ದು ವಾಪಸ್ ಬರುವುದಿಲ್ಲ.

ಐಎಲ್-38ರ ಬಾಲದಲ್ಲಿ ಉದ್ದನೆಯ ಕೊಂಡಿಯಂಥದ್ದು ಚಾಚಿಕೊಂಡಿತ್ತು. ಅದು ಕಾಂತೀಯ ಬದಲಾವಣೆ ಅಳೆಯುವ ಸಾಧನ. ನೀರಿನೊಳಗೆ ಸಾವಿರಾರು ಟನ್ ಉಕ್ಕು ಇದ್ದರೆ ಆ ಜಾಗದಲ್ಲಿ ಭೂಮಿಯ ಕಾಂತಶಕ್ತಿ ತುಸು ಏರುಪೇರಾಗುತ್ತದೆ. ಅದನ್ನು ಹಿಡಿಯಬೇಕಾದರೆ ವಿಮಾನ ತುಂಬ ಕೆಳಗೆ ಹಾರಬೇಕು. ಮಳೆಗಾಲದ ಕಡಲಿನ ಮೇಲೆ, ಗಂಟೆಗಟ್ಟಲೆ, ಅಷ್ಟು ಕೆಳಗೆ ಹಾರುವುದು ಎಂಥ ಕೆಲಸ ಎಂದು ಕರಾವಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಓಡುತ್ತಿದ್ದದ್ದನ್ನು ನಿಲ್ಲಿಸಿದ್ದು ಯಾಕೆ?

ಕಡಲತೀರದ ಮನೆಗಳಲ್ಲಿ ಕಿಟಕಿಯ ಸರಳು ಎಷ್ಟು ಬೇಗ ತುಕ್ಕು ಹಿಡಿಯುತ್ತದೆ ನೋಡಿ. ಕಡಲತೀರದ ಪಣಂಬೂರಿನ ಬೈಕಿಗೂ ಒಳನಾಡಿನ ಪುತ್ತೂರಿನ ಬೈಕಿಗೂ ವ್ಯತ್ಯಾಸ ಗೊತ್ತೇ ಇದೆ. ಗಸ್ತು ವಿಮಾನ ಆ ಉಪ್ಪುಗಾಳಿಯಲ್ಲೇ ಬಾಳುತ್ತದೆ. ಪ್ರಯಾಣಿಕ ವಿಮಾನ ಬೇಗನೆ ಮೇಲೇರಿ ಒಣ ಗಾಳಿಯಲ್ಲಿ ಹಾರುತ್ತದೆ. ಇದು ಕೆಳಗಿನ ಒದ್ದೆ ಗಾಳಿಯಲ್ಲೇ ಜಾಸ್ತಿ ಹೊತ್ತು ಕಳೆಯುತ್ತದೆ. ಕೆಳಗೆ ಗಾಳಿಯ ಹೊಡೆತವೂ ಹೆಚ್ಚು. ಪ್ರತಿ ಹೊಡೆತಕ್ಕೂ ರೆಕ್ಕೆ ತುಸು ಬಾಗಿ ಮತ್ತೆ ನೆಟ್ಟಗಾಗುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಲೇ ಇದ್ದರೆ ಒಂದು ಹಂತದಲ್ಲಿ ತುಂಡಾಗುತ್ತದೆ. ಲೋಹ ಹಾಗೆ ದಣಿಯುತ್ತದೆ. ಹೊಸ ರಾಡಾರ್ ಕೂರಿಸಬಹುದು, ಹೊಸ ಕಂಪ್ಯೂಟರ್ ಕೂರಿಸಬಹುದು. ದಣಿದ ಮೈಯನ್ನು ಹೊಸತು ಮಾಡಲಾಗುವುದಿಲ್ಲ.

ಎರಡನೆಯ ಕಾರಣ ಬಿಡಿಭಾಗ. ವಿಮಾನ ರಷ್ಯಾದ್ದು. ಅದರ ಎಐ-20 ಎಂಜಿನ್ನನ್ನು ರೂಪಿಸಿದ್ದು ಈಗಿನ ಉಕ್ರೇನಿನ ಜಪೋರಿಷಿಯಾದಲ್ಲಿ. ವಿಮಾನ ಕೊಂಡಾಗ ಎರಡೂ ಒಂದೇ ದೇಶ. 1991ರಲ್ಲಿ ಬೇರೆಯಾದವು. 2022ರಿಂದ ಆ ಎರಡು ದೇಶಗಳ ನಡುವೆ ಪೂರ್ಣ ಪ್ರಮಾಣದ ಯುದ್ಧ.

ಮೂರನೆಯದು ಲೆಕ್ಕಾಚಾರ. ಐದೇ ವಿಮಾನಕ್ಕಾಗಿ ಬೇರೆಯೇ ಪೈಲಟ್ ತರಬೇತಿ, ಬೇರೆಯೇ ಮೆಕ್ಯಾನಿಕ್‌ಗಳು, ಬೇರೆಯೇ ಉಗ್ರಾಣ ಬೇಕು. ಐದರಲ್ಲಿ ಒಂದು ದೊಡ್ಡ ರಿಪೇರಿಗೆ ಹೋದರೆ, ಇನ್ನೊಂದು ಮಾಮೂಲಿ ಸರ್ವಿಸಿಗೆ ನಿಂತರೆ, ಉಳಿಯುವುದು ಎಷ್ಟು? ರಷ್ಯಾ ಇನ್ನೂ ತನ್ನ ಐಎಲ್-38ಗಳನ್ನು ಹಾರಿಸುತ್ತಿದೆ, ನಾವೂ ಕೆಲವು ವರ್ಷ ಎಳೆಯಬಹುದಿತ್ತು ಎಂಬ ವಾದ ಇದೆ. ಆದರೆ ರಷ್ಯಾದ ಬಳಿ ಕಾರ್ಖಾನೆ ಇದೆ. ಬೇರೆ ಹಳೆಯ ವಿಮಾನಗಳಿಂದ ಭಾಗ ಕಳಚಿಕೊಳ್ಳುವ ಅನುಕೂಲವೂ ಇದೆ. ನಮಗೆ ಎರಡೂ ಇಲ್ಲ. ನಿವೃತ್ತಿಯ ತೀರ್ಮಾನ ಸರಿಯಾದದ್ದೇ. ತಪ್ಪು ಹುಡುಕಬೇಕಾದ ಜಾಗ ಬೇರೆ.

13 ಹೋಗಿ 12 ಬಂದವು

ಬದಲಿ ವಿಮಾನ ಖಂಡಿತ ಬಂದಿದೆ. ಅದೇ ಬೋಯಿಂಗ್ ಪಿ-8ಐ. ಮಂಗಳೂರು ವಿಮಾನ ನಿಲ್ದಾಣದಲ್ಲಿ ನಾವು ಹತ್ತಿ ಇಳಿಯುವ 737 ಜಾತಿಯದೇ ಇದರ ಮೈಕಟ್ಟು. 2009ರ ಜನವರಿಯಲ್ಲಿ ಎಂಟು ವಿಮಾನಕ್ಕೆ ಸುಮಾರು 210 ಕೋಟಿ ಡಾಲರಿಗೆ ಒಪ್ಪಂದವಾಯಿತು. ಮೊದಲನೆಯದು 2013ರ ಮೇ ತಿಂಗಳಲ್ಲಿ ಅರಕ್ಕೋಣಂಗೆ ಬಂತು. 2016ರಲ್ಲಿ ಇನ್ನೂ ನಾಲ್ಕಕ್ಕೆ ಸಹಿ ಬಿತ್ತು. ಆ ನಾಲ್ಕು ಗೋವಾಕ್ಕೆ ಬಂದವು. 2022ರ ಮಾರ್ಚ್ 29ರಂದು ಅಲ್ಲಿ ಹೊಸ ಸ್ಕ್ವಾಡ್ರನ್ ಶುರುವಾಯಿತು. ಅಂದರೆ ಐಎಲ್-38 ನಿಲ್ಲುವ ಒಂದೂವರೆ ವರ್ಷ ಮೊದಲೇ ಅದೇ ನೆಲೆಯಲ್ಲಿ ಬದಲಿ ವಿಮಾನ ಸಿದ್ಧವಿತ್ತು. ಕೆಮ್ ಪ್ಲೂಟೊ ಹಡಗಿನ ಮೇಲೆ ಅಷ್ಟು ಬೇಗ ವಿಮಾನ ಹಾರಲು ಸಾಧ್ಯವಾದದ್ದರ ಹಿಂದೆ ಇಂಥ ತಯಾರಿ ಇದೆ.

ಗುಣದಲ್ಲಿ ಹೋಲಿಕೆಯೇ ಇಲ್ಲ. ಪಿ-8ಐ ವೇಗ ಜಾಸ್ತಿ. ನೂರಕ್ಕೂ ಹೆಚ್ಚು ಸೋನೋಬಾಯ್ ಹೊರುತ್ತದೆ. 2,000 ಕಿ.ಮೀ. ದೂರ ಹೋಗಿ, ಅಲ್ಲಿ ನಾಲ್ಕು ಗಂಟೆ ಕೆಲಸ ಮಾಡಿ ವಾಪಸ್ ಬರಬಲ್ಲದು.

ಈಗ ಎಣಿಕೆ ನೋಡಿ. ಎಂಟು ಟಿಯು-142, ಐದು ಐಎಲ್-38. ಒಟ್ಟು 13 ಹೋದವು. 12 ಪಿ-8ಐ ಬಂದವು. ಹೆಚ್ಚುಕಡಿಮೆ ಹಳೆಯ ಸಂಖ್ಯೆಯೇ. ಆದರೆ ಕಡಲು ಹಳೆಯದಾಗಿ ಉಳಿದಿಲ್ಲ. 2014ರಲ್ಲಿ ಚೀನಾದ ಜಲಾಂತರ್ಗಾಮಿ ಕೊಲಂಬೊ ಬಂದರಿಗೆ ಬಂದು ನಿಂತಿತು. ಪಾಕಿಸ್ತಾನ ಚೀನಾದಿಂದ ಎಂಟು ಜಲಾಂತರ್ಗಾಮಿ ಪಡೆಯುವ ಒಪ್ಪಂದ ಮಾಡಿಕೊಂಡಿದೆ. 2023ರ ನವೆಂಬರಿನಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ಯೆಮನ್‌ನ ಹೌತಿ ಬಂಡುಕೋರರ ದಾಳಿ ಶುರುವಾಯಿತು. ಅದೇ ಹೊತ್ತಿಗೆ ಸೊಮಾಲಿಯಾದ ಕಡಲ್ಗಳ್ಳರು ಮತ್ತೆ ತಲೆ ಎತ್ತಿದರು. 2024ರ ಮಾರ್ಚಿನಲ್ಲಿ 'ರುಯೆನ್' ಎಂಬ ಹಡಗನ್ನು ಬಿಡಿಸಲು ನೌಕಾಪಡೆ ನಮ್ಮ ತೀರದಿಂದ ಸುಮಾರು 2,600 ಕಿ.ಮೀ. ದೂರ ಹೋಗಬೇಕಾಯಿತು. 17 ಸಿಬ್ಬಂದಿ ಬಿಡುಗಡೆಯಾದರು, 35 ಕಡಲ್ಗಳ್ಳರು ಶರಣಾದರು. ಆ ಕಾರ್ಯಾಚರಣೆಯಲ್ಲೂ ಪಿ-8ಐ ಇತ್ತು.

ಇಷ್ಟೇ ಅಲ್ಲ. ಚೀನಾ ಜೊತೆಗಿನ 2017ರ ದೋಕ್ಲಾಂ, 2020ರ ಲಡಾಖ್ ಗಡಿ ಬಿಕ್ಕಟ್ಟಿನಲ್ಲಿ ಈ ವಿಮಾನಗಳನ್ನು ಹಿಮಾಲಯದ ಮೇಲೂ ಹಾರಿಸಿದರು. ಅವುಗಳ ಕ್ಯಾಮೆರಾ, ರಾಡಾರ್ ಅಷ್ಟು ಒಳ್ಳೆಯವು. ಗಡಿಯಲ್ಲಿ ಅಗತ್ಯವಿದ್ದಾಗ ಬಳಸಿದ್ದು ಸರಿಯೇ. ಆದರೆ ಲಡಾಖಿನ ಮೇಲಿರುವ ವಿಮಾನ ಅದೇ ದಿನ ಅರಬ್ಬಿ ಸಮುದ್ರದ ಮೇಲೆ ಇರಲಾರದು. ಒಂದು ವಿಮಾನ ಎಷ್ಟೇ ಚೆನ್ನಾಗಿರಲಿ, ಒಂದು ಹೊತ್ತಿಗೆ ಒಂದೇ ಕಡೆ ಇರುತ್ತದೆ. ಭಾರತದ ವಿಶೇಷ ಆರ್ಥಿಕ ವಲಯದ ಕಡಲು, ಅಂದರೆ ಮೀನು, ತೈಲದಂಥ ಸಂಪತ್ತಿನ ಹಕ್ಕು ನಮ್ಮದಾಗಿರುವ ಕಡಲು, 20 ಲಕ್ಷ ಚದರ ಕಿ.ಮೀ.ಗೂ ದೊಡ್ಡದು. ಅದರಾಚೆಗಿನ ಹಡಗುದಾರಿ ಬೇರೆ. ನಮ್ಮ ಕೊರತೆ ಇರುವುದು ಗುಣದಲ್ಲಲ್ಲ, ಎಣಿಕೆಯಲ್ಲಿ.

ಮೂರು ದಾರಿ, ಮೂರು ವಾದ

ಇನ್ನಷ್ಟು ಪಿ-8ಐ ಬೇಕು ಎನ್ನುವುದು ಒಂದು ವಾದ. ತರಬೇತಿ, ಉಗ್ರಾಣ, ನೆಲೆ ಎಲ್ಲ ಈಗಾಗಲೇ ಇವೆ, ವಿಮಾನ ಮಾತ್ರ ಸೇರಿಸಿದರೆ ಸಾಕು. 2019ರಲ್ಲಿ ಇನ್ನೂ ಹತ್ತಕ್ಕೆ ಆರಂಭಿಕ ಒಪ್ಪಿಗೆ ಇತ್ತು. ಅದು ಆರಕ್ಕೆ ಇಳಿಯಿತು. 2021ರಲ್ಲಿ ಅಮೆರಿಕ ಸರಕಾರ ಆರು ವಿಮಾನ ಮಾರಲು ಒಪ್ಪಿತು. ಉಪಕರಣ ಎಲ್ಲ ಸೇರಿ ಆಗ ಹೇಳಿದ ಅಂದಾಜು 242 ಕೋಟಿ ಡಾಲರ್. ಎಂಟಕ್ಕೆ 210 ಕೋಟಿ ಕೊಟ್ಟವರಿಗೆ ಆರಕ್ಕೆ 242 ಕೋಟಿ ಎಂದರೆ ಬೆವರು ಬರುತ್ತದೆ. ಮಾತುಕತೆ ವರ್ಷಗಟ್ಟಲೆ ಎಳೆಯಲು ಇದು ದೊಡ್ಡ ಕಾರಣ.

ಡ್ರೋನ್ ಸಾಕು ಎನ್ನುವುದು ಎರಡನೆಯ ವಾದ. 2024ರ ಅಕ್ಟೋಬರಿನಲ್ಲಿ 31 ಎಂಕ್ಯೂ-9ಬಿ ಡ್ರೋನ್‌ಗಳಿಗೆ ಸಹಿ ಬಿತ್ತು. ಅದರಲ್ಲಿ 15 ನೌಕಾಪಡೆಗೆ. ಇವು 30 ಗಂಟೆಗೂ ಹೆಚ್ಚು ಹೊತ್ತು ಹಾರುತ್ತವೆ. ಪೈಲಟ್ ದಣಿಯುವ ಮಾತಿಲ್ಲ, ನೆಲದಲ್ಲಿ ಪಾಳಿ ಬದಲಾಯಿಸಿದರಾಯಿತು. ಹಡಗುಗಳ ಮೇಲೆ ಕಣ್ಣಿಡಲು ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಆದರೆ ಜಲಾಂತರ್ಗಾಮಿ ಬೇಟೆಗೆ ಬೇಕಾದಷ್ಟು ಸೋನೋಬಾಯ್ ಹೊರುವ ಶಕ್ತಿ ಇವಕ್ಕಿಲ್ಲ. 2020ರಿಂದ ಬಾಡಿಗೆಗೆ ಪಡೆದು ಬಳಸುತ್ತಿದ್ದ ಎರಡರಲ್ಲಿ ಒಂದು, 2024ರ ಸೆಪ್ಟೆಂಬರಿನಲ್ಲಿ ತಾಂತ್ರಿಕ ತೊಂದರೆಯಿಂದ ಬಂಗಾಳ ಕೊಲ್ಲಿಗೆ ಇಳಿಯಬೇಕಾಯಿತು. ಡ್ರೋನ್ ಪಿ-8ಐ ವಿಮಾನದ ಹೊರೆ ಇಳಿಸುತ್ತದೆ, ಜಾಗ ತುಂಬುವುದಿಲ್ಲ.

ಮೂರನೆಯದು ಇಲ್ಲೇ ಮಾಡೋಣ ಎನ್ನುವ ವಾದ. 2024ರ ಫೆಬ್ರವರಿಯಲ್ಲಿ ರಕ್ಷಣಾ ಸಚಿವಾಲಯದ ಖರೀದಿ ಮಂಡಳಿ ಮಧ್ಯಮ ದೂರದ ಗಸ್ತು ವಿಮಾನಗಳಿಗೆ ಒಪ್ಪಿಗೆ ಕೊಟ್ಟಿತು. ವಡೋದರಾದಲ್ಲಿ ಟಾಟಾ ಮತ್ತು ಏರ್‌ಬಸ್ ಸೇರಿ ಕಟ್ಟುವ ಸಿ-295 ವಿಮಾನವೇ ಇದಕ್ಕೆ ಆಧಾರ. ನೌಕಾಪಡೆಗೆ ಒಂಬತ್ತು, ಕೋಸ್ಟ್ ಗಾರ್ಡಿಗೆ ಆರು. ಎಲ್ಲರ ಗಮನ ಪಿ-8ಐ ಬೆಲೆಯ ಮೇಲಿದೆ. ಆದರೆ ಕರ್ನಾಟಕದ ಕರಾವಳಿಗೆ ಹೆಚ್ಚು ಹತ್ತಿರದ್ದು ಈ ಮೂರನೆಯ ಯೋಜನೆ. ಯಾಕೆ ಅನ್ನುವುದು ಮುಂದೆ ತಿಳಿಯುತ್ತದೆ.

ಮಲ್ಪೆಯ ಬೋಟಿಗೂ ಇದಕ್ಕೂ ಏನು ಸಂಬಂಧ?

ಗಸ್ತು ವಿಮಾನ ಅಂದ ಕೂಡಲೇ ಉಡುಪಿಯವರಿಗೆ ನೆನಪಾಗುವುದು ಸುವರ್ಣ ತ್ರಿಭುಜ. 2018ರ ಡಿಸೆಂಬರ್ 13ರಂದು ಏಳು ಮೀನುಗಾರರೊಂದಿಗೆ ಮಲ್ಪೆಯಿಂದ ಹೊರಟ ಬೋಟು. ಎರಡು ದಿನದ ಬಳಿಕ ಸಂಪರ್ಕ ಕಡಿದುಹೋಯಿತು. ಹಡಗು, ವಿಮಾನ ಎಲ್ಲ ಹುಡುಕಿದರೂ ವಾರಗಟ್ಟಲೆ ಸುಳಿವಿಲ್ಲ. ಜನವರಿಯಲ್ಲಿ ಸಾವಿರಾರು ಮೀನುಗಾರರು ಮಲ್ಪೆಯಲ್ಲಿ ಬೀದಿಗಿಳಿದರು. ಕೊನೆಗೆ 2019ರ ಮೇ ತಿಂಗಳಲ್ಲಿ ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಹಡಗು ಬೋಟಿನ ಅವಶೇಷ ಪತ್ತೆ ಮಾಡಿತು. ಮಹಾರಾಷ್ಟ್ರದ ಮಾಲ್ವಣದಿಂದ ಸುಮಾರು 33 ಕಿ.ಮೀ. ಆಚೆ, 60 ಮೀಟರ್ ಆಳದಲ್ಲಿ.

ಜಲಾಂತರ್ಗಾಮಿಯನ್ನೇ ಹುಡುಕಬಲ್ಲ ದೇಶಕ್ಕೆ ಒಂದು ಬೋಟು ಹುಡುಕಲು ಐದು ತಿಂಗಳು ಯಾಕೆ ಬೇಕಾಯಿತು? ಆ ನೋವಿನಲ್ಲಿ ಈ ಪ್ರಶ್ನೆ ಏಳುವುದು ಸಹಜ. ಉತ್ತರ ಮೇಲೆ ಹೇಳಿದ ವಿವರದಲ್ಲೇ ಇದೆ. ಜಲಾಂತರ್ಗಾಮಿ ಓಡುತ್ತಿರುತ್ತದೆ, ಸದ್ದು ಮಾಡುತ್ತದೆ, ಸಾವಿರಾರು ಟನ್ ತೂಗುತ್ತದೆ. ತಳ ಸೇರಿದ ಬೋಟಿನ ಎಂಜಿನ್ ನಿಂತಿರುತ್ತದೆ, ಕೇಳಲು ಏನೂ ಉಳಿದಿರುವುದಿಲ್ಲ. ಅದನ್ನು ಹುಡುಕಲು, ಶಬ್ದ ಬಿಟ್ಟು ಪ್ರತಿಧ್ವನಿ ಹಿಡಿಯುವ ಸೋನಾರ್ ಇರುವ ಹಡಗೇ ಕಡಲಿನ ತಳವನ್ನು ಇಂಚಿಂಚಾಗಿ ನೋಡುತ್ತ ಹೋಗಬೇಕು. ವಿಮಾನಕ್ಕೆ ಕೆಲಸವಿರುವುದು ಮೊದಲ ಕೆಲವು ಗಂಟೆಗಳಲ್ಲಿ. ಬೋಟು ಇನ್ನೂ ತೇಲುತ್ತಿರುವಾಗ, ಜನ ಇನ್ನೂ ನೀರಿನ ಮೇಲಿರುವಾಗ. ಆ ಹೊತ್ತಿಗೆ ಸುದ್ದಿ ದಡಕ್ಕೆ ಮುಟ್ಟಿರಬೇಕು, ಜಾಗ ಗೊತ್ತಿರಬೇಕು, ವಿಮಾನ ಹತ್ತಿರ ಇರಬೇಕು. ಮೂರರಲ್ಲಿ ಒಂದು ತಪ್ಪಿದರೂ ಉಳಿದೆರಡು ವ್ಯರ್ಥ.

ಸುದ್ದಿ ಮತ್ತು ಜಾಗದ ಕೊರತೆ ನೀಗಿಸಲು ಟ್ರಾನ್ಸ್‌ಪಾಂಡರ್ ಬಂದಿದೆ. ಮೊಬೈಲ್ ಸಿಗ್ನಲ್ ಇಲ್ಲದ ಕಡೆಯಿಂದಲೂ ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಸಾಧನ. ಇಸ್ರೋ ತಂತ್ರಜ್ಞಾನ. ದೇಶದ ಒಂದು ಲಕ್ಷ ಮೀನುಗಾರಿಕಾ ಬೋಟುಗಳಿಗೆ ಇದನ್ನು ಕೂರಿಸುವ ಯೋಜನೆಗೆ 2024ರ ಆಗಸ್ಟಿನಲ್ಲಿ ಚಾಲನೆ ಸಿಕ್ಕಿತು. ಸರಕಾರ ಕೊಟ್ಟರೆ ಸಾಲದು. ಬೋಟು ನಡೆಸುವ ತಂಡೇಲರು ಅದನ್ನು ಸದಾ ಆನ್ ಇಟ್ಟಿರಬೇಕು.

ಉಳಿದದ್ದು ಹತ್ತಿರದ ವಿಮಾನ. ನಮ್ಮ ಕಡಲನ್ನು ಮೇಲಿನಿಂದ ಕಾಯುವುದು ಮೂರು ಸುತ್ತಿನ ಕೆಲಸ. ದಡದ ಹತ್ತಿರದ ಸುತ್ತನ್ನು ನೋಡುವುದು ಕೋಸ್ಟ್ ಗಾರ್ಡ್ ಮತ್ತು ನೌಕಾಪಡೆಯ ಡಾರ್ನಿಯರ್ ವಿಮಾನಗಳು, ಹೆಲಿಕಾಪ್ಟರುಗಳು. ದೂರದ ಸುತ್ತು ಪಿ-8ಐ ಮತ್ತು ಡ್ರೋನುಗಳದ್ದು. ಐಎಲ್-38 ದೂರದ ಕೆಲಸಕ್ಕೆಂದೇ ಬಂದದ್ದು. ಪಿ-8ಐ ಬಂದ ಮೇಲೆ ಐಎಲ್-38 ಗೋವಾದಿಂದ ಹತ್ತಿರದ, ಮಧ್ಯದ ಕಡಲಿಗೂ ಒದಗುತ್ತಿತ್ತು. ಈಗ ಆ ಮಧ್ಯದ ಸುತ್ತು ತೆಳುವಾಗಿದೆ. ಡಾರ್ನಿಯರ್ ಚಿಕ್ಕದು, ಅಷ್ಟು ದೂರ ಹೋಗಿ ಹೆಚ್ಚು ಹೊತ್ತು ನಿಲ್ಲಲಾರದು. ಪಿ-8ಐ ದೊಡ್ಡದು, ಅದಕ್ಕೆ ಇನ್ನೂ ದೂರದ ಕೆಲಸ ಕಾದಿರುತ್ತದೆ. ಹತ್ತು ಹನ್ನೆರಡು ದಿನದ ಆಳಸಮುದ್ರ ಮೀನುಗಾರಿಕೆಗೆ ಹೋಗುವ ಮಲ್ಪೆ, ಮಂಗಳೂರಿನ ಬೋಟುಗಳು ಓಡಾಡುವುದು, ಪಣಂಬೂರಿಗೆ ಬರುವ ತೈಲ ಹಡಗುಗಳು ಸಾಗುವುದು ಈ ಮಧ್ಯದ ನೀರಿನಲ್ಲೇ. ಸಿ-295 ಬರಬೇಕಾದ ಜಾಗವೂ ಇದೇ.

ಇದರ ಅಗತ್ಯ 2025ರ ಜೂನ್ 9ರಂದು ಕಣ್ಣಮುಂದೆ ಬಂತು. ಕೇರಳದಾಚೆಯ ಕಡಲಲ್ಲಿ 'ವಾನ್ ಹೈ 503' ಎಂಬ ಕಂಟೇನರ್ ಹಡಗಿಗೆ ಬೆಂಕಿ ಬಿತ್ತು. 22 ಸಿಬ್ಬಂದಿಯಲ್ಲಿ ಪಾರಾದ 18 ಮಂದಿಯನ್ನು ಐಎನ್‌ಎಸ್ ಸೂರತ್ ನವಮಂಗಳೂರು ಬಂದರಿಗೇ ಕರೆತಂದಿತು. ನಾಲ್ವರು ಕಾಣೆಯಾಗಿದ್ದರು. ಮಂಗಳೂರಿನ ನೆಲದಡಿಯಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾ ತೈಲ ಹಿಡಿಯುವ ಸರಕಾರಿ ಗುಹೆಗಳಿವೆ. ಆ ತೈಲವೆಲ್ಲ ಬರುವುದು ಕಡಲಿನಿಂದ. ಬೆಂಕಿ ಬಿದ್ದದ್ದು ಅಂಥ ಟ್ಯಾಂಕರಿಗಾದರೆ ಎಣ್ಣೆ ಯಾವ ಕಡೆ ಹರಡುತ್ತಿದೆ ಎಂದು ಮೊದಲು ನೋಡಬೇಕಾದದ್ದು ವಿಮಾನವೇ.

ಮುಂದೆ ಗಮನಿಸಬೇಕಾದದ್ದು

2024ರ ಫೆಬ್ರವರಿಯಲ್ಲಿ ಸಿಕ್ಕಿದ್ದು 'ಇದು ಬೇಕು' ಎಂಬ ಒಪ್ಪಿಗೆ ಮಾತ್ರ. ಆಮೇಲೆ ದರದ ಮಾತು, ಸಹಿ, ರಾಡಾರ್ ಕೂರಿಸುವುದು, ಪರೀಕ್ಷೆ. ಪಿ-8ಐ ವಿಷಯದಲ್ಲಿ, 737ರ ಸಿದ್ಧ ಮೈಕಟ್ಟು ಇದ್ದರೂ, ಸಹಿಯಿಂದ ಮೊದಲ ವಿಮಾನ ಬರುವವರೆಗೆ ನಾಲ್ಕು ವರ್ಷ ದಾಟಿತು. ಸಿ-295 ಸಾಗಣೆ ವಿಮಾನವನ್ನು ಗಸ್ತಿಗೆ ಬದಲಾಯಿಸುವ ಕೆಲಸ ಅದಕ್ಕಿಂತ ಸುಲಭವಲ್ಲ. ಆದ್ದರಿಂದ 'ಒಪ್ಪಿಗೆ' ಎಂಬ ಶೀರ್ಷಿಕೆ ಕಂಡಾಗ ವಿಮಾನ ಬಂತು ಎಂದು ತಿಳಿಯಬಾರದು. 'ಸಹಿ' ಎಂದು ಬಂದ ದಿನದಿಂದ ಲೆಕ್ಕ ಶುರುಮಾಡಬೇಕು.

ಇನ್ನೊಂದು, ಅಂಕೋಲಾ ತಾಲೂಕಿನ ಅಲಗೇರಿಯಲ್ಲಿ ಯೋಜನೆಯಾಗಿರುವ ನೌಕಾ ವಿಮಾನ ನೆಲೆ. ಈಗ ನಮ್ಮ ಕಡೆಗೆ ಬರುವ ದೊಡ್ಡ ಗಸ್ತು ವಿಮಾನ ಗೋವಾದಿಂದಲೇ ಬರಬೇಕು. ದಾಬೋಲಿಂನಲ್ಲಿ ರನ್‌ವೇಯನ್ನು ಪ್ರಯಾಣಿಕ ವಿಮಾನಗಳ ಜೊತೆ ಹಂಚಿಕೊಳ್ಳಬೇಕು. ಅಲಗೇರಿಯಲ್ಲಿ ರನ್‌ವೇ ಆದರೆ ಕಾರವಾರದ ಕದಂಬ ನೌಕಾನೆಲೆಯ ಪಕ್ಕದಿಂದಲೇ ವಿಮಾನ ಏಳಬಹುದು, ಮಲ್ಪೆಯ ಕಡಲಿಗೆ ಬರುವ ದಾರಿಯೂ ಅಷ್ಟು ಕಿರಿದಾಗುತ್ತದೆ. ಅದಕ್ಕಾಗಿ ಜಮೀನು ಬಿಟ್ಟುಕೊಡುವ ಕುಟುಂಬಗಳಿಗೆ ಪರಿಹಾರ ಸರಿಯಾಗಿ, ಸಮಯಕ್ಕೆ ಸಿಗಬೇಕು. ಕಾರವಾರದ ಆ ನೌಕಾನೆಲೆ ಕಟ್ಟಿದ ಸೀಬರ್ಡ್ ಯೋಜನೆಗೆ ಊರು ಬಿಟ್ಟವರು ಪರಿಹಾರಕ್ಕಾಗಿ ಎಷ್ಟು ವರ್ಷ ಕಾದರು ಎಂಬುದನ್ನು ಉತ್ತರ ಕನ್ನಡದವರು ಮರೆತಿಲ್ಲ.

ಇವೆಲ್ಲ ಆಗುವವರೆಗೆ ಈ ಮಧ್ಯದ ನೀರಿನ ಹೆಚ್ಚಿನ ಭಾರ ಡಾರ್ನಿಯರುಗಳ ಮೇಲೆ ಇರುತ್ತದೆ. ಎರಡು ಎಂಜಿನ್ನಿನ, ಕಾನ್ಪುರದ ಎಚ್‌ಎಎಲ್ ಕಾರ್ಖಾನೆಯಲ್ಲಿ ತಯಾರಾಗುವ ಚಿಕ್ಕ ವಿಮಾನ ಅದು. ಪ್ರತಿ ವರ್ಷ ಮೀನುಗಾರಿಕೆ ನಿಷೇಧದ ಅವಧಿ ಮುಗಿದು ಮಲ್ಪೆಯಿಂದ ಬೋಟುಗಳು ಹೊರಡುವಾಗ ಮಳೆಗಾಲ ಇನ್ನೂ ಪೂರ್ತಿ ಮುಗಿದಿರುವುದಿಲ್ಲ. ಕಡಲು ಇನ್ನೂ ಒರಟಾಗಿರುತ್ತದೆ. ಸಂಕಟದ ಕರೆಗೆ ಮೊದಲು ಎದ್ದು ಹೊರಡಬೇಕಾದದ್ದು ಆ ಚಿಕ್ಕ ವಿಮಾನವೇ.